ಸೋರುವ ಕಿವಿಯೊಡನೆ ಕೆರೆಯಲ್ಲಿ ಮುಳುಗುವ ವಿಧಾನದ ಬಗ್ಗೆ

ಸಂಖ್ಯೆ: ಉನಿಕ/ಚಿಬ/ಮುಳುಗು/ಎಡಗಿವಿ/07/2024-25

ಉಪನಿರ್ದೇಶಕರ ಕಚೇರಿ
(ಇಲಾಖೆಯ ಹೆಸರು ಮೊಹರಿನಲ್ಲಿ ಇರುತ್ತದೆ)
ಚಿಕ್ಕಬಳ್ಳಾಪುರ
ದಿನಾಂಕ: 25-11-2024

ಸುತ್ತೋಲೆ

ವಿಷಯ: ಹೊರಕಿವಿಯ ಸೋಂಕು ಇರುವ ಮುಳುಗು ತಜ್ಞರು ಸ್ಕೂಬಾ ಸಲಕರಣೆ ಧರಿಸಿ ಕೆರೆಯ ಅಡಿಗೆ ಇಳಿಯುವಾಗ ಪಾಲಿಸಬೇಕಾದ ಶಿಸ್ತಿನ ಕುರಿತು.

ಉಲ್ಲೇಖ:
1. ಮುಳುಗು ತಜ್ಞ (ಹೊರಗುತ್ತಿಗೆ) ಶ್ರೀ ವಾಸಿಫ್ ಇವರ ರಜೆ ಅರ್ಜಿ, ದಿ: 06-11-2024.
2. ವೈದ್ಯೆ ಡಾ. ಅಮೃತ ಇವರ ಚೀಟಿ, ಅದೇ ದಿನಾಂಕ (ಅಕ್ಷರಗಳು ಓದಲು ಬರುವಂತಿರುವುದರಿಂದ ಚೀಟಿಯ ನೈಜತೆ ಪರಿಶೀಲನೆಯಲ್ಲಿದೆ).
3. ಈ ಕಚೇರಿಯ ಮೌಖಿಕ ಆದೇಶ, ದಿ: 08-11-2024, ಬೆಳಿಗ್ಗೆ 10-40, ಜೀಪಿನ ಪಕ್ಕ.
4. ಸದರಿ ವಾಸಿಫ್ ಇವರ ತಾಯಿ ಶ್ರೀಮತಿ ಶಹಜಾದಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಆಡಿದ ಮಾತುಗಳು, ದಿ: 11-11-2024.

ಪ್ರಸ್ತಾವನೆ:

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಕೆರೆಗಳ ಅಡಿಯಲ್ಲಿ ನಡೆಯಬೇಕಾದ ಸಮಸ್ತ ಸರ್ಕಾರಿ ಕೆಲಸಕ್ಕೂ ಇಲಾಖೆಯಲ್ಲಿ ಇರುವುದು ಒಬ್ಬರೇ ಮುಳುಗು ತಜ್ಞರು. ಅವರೇ ಶಿಡ್ಲಘಟ್ಟದ ವಾಸಿಫ್. ಮನೆಯವರೆಲ್ಲ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಇವರೊಬ್ಬರು ಮಾತ್ರ ನೀರಿಗೆ ಮನಸೋತು, ಕರಾವಳಿಯಲ್ಲಿ ನಲವತ್ತು ದಿನ ಸ್ಕೂಬಾ ತರಬೇತಿ ಮುಗಿಸಿ, ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದವರು. ಬಂದಾಗ ಜಿಲ್ಲೆಯ ಕೆರೆಗಳಲ್ಲಿ ನೀರಿರಲಿಲ್ಲವಾದ್ದರಿಂದ ಮೊದಲ ಮೂರು ವರ್ಷ ಸದರಿಯವರನ್ನು ಟಪಾಲು ವಿಭಾಗದಲ್ಲಿ ಬಳಸಿಕೊಳ್ಳಲಾಯಿತು. ಆ ಅವಧಿಯಲ್ಲಿಯೂ ಅವರು ಸಲಕರಣೆಯನ್ನು ವಾರಕ್ಕೊಮ್ಮೆ ಒರೆಸಿ ಇಡುತ್ತಿದ್ದರೆಂದು ತಿಳಿದುಬಂದಿದ್ದು, ಇದಕ್ಕೆ ಅನುಮತಿ ಪಡೆದಿರುವುದಿಲ್ಲ.

ಕೆರೆಗಳಿಗೆ ನೀರು ಬಂದ ಮೇಲೆ ಸದರಿಯವರ ಕೈಗುಣ ಕಚೇರಿಗೆ ಗೊತ್ತಾಯಿತು. ನಮ್ಮ ಕೆರೆಗಳ ಅಡಿಯಲ್ಲಿ ಮೊಳದಾಚೆ ಏನೂ ಕಾಣುವುದಿಲ್ಲ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಆ ಕತ್ತಲೆಯಲ್ಲಿ ತೂಬಿನ ಬಾಗಿಲು ಎಲ್ಲಿ ಸೋರುತ್ತಿದೆ, ಯಾವ ಕಲ್ಲಿನ ಸಂದಿ ಬಿಟ್ಟಿದೆ ಎಂಬುದನ್ನು ವಾಸಿಫ್ ಅವರು ಸದ್ದು ಕೇಳಿಯೇ ಪತ್ತೆ ಹಚ್ಚುತ್ತಿದ್ದರು. ಕೆಲವು ಕೆರೆಗಳ ತೂಬುಗಳು ಇಂದಿಗೂ ನಿಂತಿರುವುದು ಅವರ ಎರಡು ಕಿವಿಗಳ ಪುಣ್ಯದಿಂದ ಎಂದು ಕಡತದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಹೀಗಿರುವಾಗ ತೊಂಡೇಬಾವಿ ಆಚೆಯ ಮುತ್ತರಾಯನ ಕೆರೆ ಬಹಳ ವರ್ಷಗಳ ನಂತರ ಕೋಡಿ ಬಿದ್ದಿತು. ಪದ್ಧತಿಯಂತೆ ದಿ: 04-11-2024ರಂದು ಉಪನಿರ್ದೇಶಕರಾದ ಶ್ರೀ ಮುನಿವೆಂಕಟಪ್ಪ ಇವರು ಕೆರೆಗೆ ಬಾಗಿನ ಅರ್ಪಿಸಿದರು. ಅರ್ಪಿಸಿದ ಕೂಡಲೇ ಸ್ಥಳದಲ್ಲಿಯೇ 'ಬಾಗಿನ ಅರ್ಪಣಾ ದೃಢೀಕರಣ ಪತ್ರ'ಕ್ಕೆ ಮೊಹರು ಒತ್ತಬೇಕೆಂದು ನಿಯಮವಿರುವುದರಿಂದ, ಹಿತ್ತಾಳೆ ಹಿಡಿಯ ಕಚೇರಿ ಮೊಹರನ್ನು ಜೊತೆಗೆ ಒಯ್ಯಲಾಗಿತ್ತು. ಅದನ್ನು ಮೊರದೊಳಗೆ ಅರಿಶಿನ, ಕುಂಕುಮ, ಹಸಿರು ಬಳೆ ಮತ್ತು ರವಿಕೆ ಕಣದ ನಡುವೆ ಇಟ್ಟವರು ಕಚೇರಿ ಅಧೀಕ್ಷಕಿ ಶ್ರೀಮತಿ ಶ್ಯಾಮಲಮ್ಮ. ಅವರ ಹೇಳಿಕೆ ಹೀಗಿದೆ: "ಎಲ್ಲಾದ್ರೂ ಮರ್ತುಬಿಡ್ತೀನೇನೋ ಅಂತ್ಲೇ ಬಳೆ ಪಕ್ಕ ಇಟ್ಟೆ ಕಣಪ್ಪ. ಸಾಹೇಬ್ರು ಫೋಟೋದವ್ರ ಕಡೆ ನೋಡ್ತಾ ನೋಡ್ತಾ ಮೊರ ಹಂಗೇ ಬಿಟ್ಬಿಟ್ರು. ಮೊರ ತೇಲ್ತು, ಕಣ ತೇಲ್ತು. ಬಳೆ ಜೊತೆ ಮೊಹರೂ ಗುಳುಂ ಅಂತು." ಫೋಟೋ ಚೆನ್ನಾಗಿ ಬಂದಿರುತ್ತದೆ.

ಇತ್ತ ವಾಸಿಫ್ ಅವರ ಎಡಗಿವಿ ಆಗಲೇ ಹದಗೆಟ್ಟಿತ್ತು. ಚಿಂತಾಮಣಿ ಕಡೆಯ ಕೆರೆಯೊಂದರಲ್ಲಿ ಮೂರು ದಿನ ಕೊಳೆತ ಜೊಂಡು ಬಿಡಿಸಿ ಬಂದಾಗಿನಿಂದ ತುರಿಕೆ. ಜೀಪಿನ ಚಾಲಕ ಶ್ರೀ ಕೋನಪ್ಪ ಇವರು ಕರುಣೆಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟು, "ಏಮೀ ಕಾದು ಬಾಬು, ಏನೂ ಆಗಲ್ಲ, ಸಾಯಂಕಾಲಕ್ಕೆಲ್ಲ ಹೂವಾಗ್ತದೆ" ಎಂದಿರುತ್ತಾರೆ. ಸಾಯಂಕಾಲಕ್ಕೆ ಕಿವಿ ಊದಿತು. ಮರುದಿನ ಕೀವು ಬಂತು. ರೊಟ್ಟಿ ಅಗಿಯಲಾರದೆ, ಆ ಮಗ್ಗುಲಿಗೆ ಮಲಗಲಾರದೆ, ಸದರಿಯವರು ಡಾ. ಅಮೃತ ಅವರ ಬಳಿ ಹೋದರು. ಕಿವಿಯ ನಾಳ ಊದಿ ಮುಚ್ಚಿಕೊಂಡಿದೆ, ಹತ್ತು ದಿನ ಒಂದು ಹನಿ ನೀರೂ ತಾಗಕೂಡದು, ಈ ಸ್ಥಿತಿಯಲ್ಲಿ ಮುಳುಗಿದರೆ ಕಿವಿಯ ತಮಟೆ ಹರಿದುಹೋಗಬಹುದು ಎಂದು ವೈದ್ಯರು ಬರೆದುಕೊಟ್ಟರು.

ಆ ಚೀಟಿಯೊಡನೆ ಸದರಿಯವರು ಹತ್ತು ದಿನದ ರಜೆ ಕೋರಿದರು. ರಜೆ ಮಂಜೂರಾತಿ ಆದೇಶಕ್ಕೆ ಮೊಹರು ಬೇಕು. ಮೊಹರು ಕೆರೆಯಲ್ಲಿದೆ. ಕೆರೆಗೆ ಇಳಿಯಬಲ್ಲವರು ರಜೆ ಕೋರಿದವರೇ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಹೊಸ ಮೊಹರು ಮಾಡಿಕೊಡುತ್ತಾರೆಂದು ವಾಸಿಫ್ ಅವರು ವಿನಯದಿಂದಲೇ ಸೂಚಿಸಿದರು. ಆದರೆ ಹೊಸ ಮೊಹರಿನ ಬೇಡಿಕೆ ಪಟ್ಟಿಯ ಮೇಲೆ ಹಳೆಯ ಮೊಹರು ಒತ್ತಿರಬೇಕೆಂಬ ಸಾಮಾನ್ಯ ತಿಳಿವಳಿಕೆ ಹೊರಗುತ್ತಿಗೆಯವರಲ್ಲಿ ಇರುವುದಿಲ್ಲ. ಜೊತೆಗೆ ಬಾಗಿನದ ವರದಿ ಶುಕ್ರವಾರದೊಳಗೆ ಮೇಲಿನ ಕಚೇರಿ ತಲುಪಬೇಕಿತ್ತು, ಮರುದಿನ ಎರಡನೇ ಶನಿವಾರವಾಗಿತ್ತು. ಆದ್ದರಿಂದ ಉಲ್ಲೇಖ (3)ರ ಮೌಖಿಕ ಆದೇಶವನ್ನು ಈ ಮಾತುಗಳಲ್ಲಿ ಹೊರಡಿಸಲಾಯಿತು: "ನೀನು ಮೊಹರು ತಂದ್ಕೊಡಪ್ಪ, ಅದೇ ಮೊಹರನ್ನ ನಿನ್ ರಜಾ ಅರ್ಜಿ ಮೇಲೆ ಮೊದ್ಲು ಹೊಡೀತೀನಿ. ಇದಕ್ಕಿಂತ ನ್ಯಾಯ ಇನ್ನೇನ್ ಬೇಕು?"

ಇಲಾಖೆಗೆ ಹೃದಯವಿಲ್ಲ ಎಂಬ ಆರೋಪ ನಿರಾಧಾರವಾದುದು. ಸದರಿಯವರ ಕಿವಿಗೆ ನೀರು ಹೋಗದಿರಲೆಂದು ಉಪನಿರ್ದೇಶಕರೇ ಖುದ್ದು ಮುತುವರ್ಜಿ ವಹಿಸಿ, ಶಿಡ್ಲಘಟ್ಟದ ರೇಷ್ಮೆಗೂಡು ಎರಡನ್ನು ತರಿಸಿ, ತುದಿ ಕತ್ತರಿಸಿ, ಹುಳು ತೆಗೆಸಿ, ಮೇಣದಲ್ಲಿ ಅದ್ದಿ ಕಿವಿಬಿರಡೆ ಮಾಡಿಸಿಕೊಟ್ಟರು. ಇದರಿಂದ ಸ್ಥಳೀಯ ಉತ್ಪನ್ನಕ್ಕೂ ಪ್ರೋತ್ಸಾಹ ದೊರೆಯಿತು. ರೇಷ್ಮೆಗೂಡಿನ ನಡುವೆಯೇ ಬೆಳೆದ ಸದರಿಯವರು ಸಂತೋಷಪಡುವ ಬದಲು, "ಸಾರ್, ಕಿವಿ ಮುಚ್ಕೊಂಡು ಮುಳುಗಂಗಿಲ್ಲ ಸಾರ್. ಒಳಗಡೆ ಗಾಳಿ ಸಿಕ್ಕಾಕೊಂಡ್ರೆ ತಮಟೆ ಹರ್ದೋಗ್ತದೆ. ಟ್ರೈನಿಂಗಲ್ಲಿ ಮೊದ್ಲನೇ ದಿನಾನೇ ಹೇಳ್ಕೊಟ್ಟಿದ್ದು ಇದು" ಎಂದರು. ಇದನ್ನು 'ತಾಂತ್ರಿಕ ನೆಪ' ಎಂಬ ಶೀರ್ಷಿಕೆಯಡಿ ದಾಖಲಿಸಿಕೊಳ್ಳಲಾಗಿದೆ. ಇಷ್ಟಾದರೂ ಅವರು ಇಳಿದರು. ಇಳಿಯಲೇಬೇಕಿತ್ತು. ಅವರ ಗುತ್ತಿಗೆ ನವೀಕರಣ ಅದೇ ತಿಂಗಳ ಕೊನೆಗೆ ಇತ್ತು, ಮತ್ತು 'ಆಗುವುದಿಲ್ಲ' ಎನ್ನುವ ಸೌಲಭ್ಯ ಸದ್ಯಕ್ಕೆ ಖಾಯಂ ನೌಕರರಿಗೆ ಮಾತ್ರ ಇರುತ್ತದೆ.

ನೀರೊಳಗೆ ನಡೆದದ್ದಕ್ಕೆ ಇಲಾಖೆಯ ಸಾಕ್ಷಿ ಇಲ್ಲ. ಸದರಿಯವರ ಹೇಳಿಕೆಯಂತೆ ಆಳ ಇಪ್ಪತ್ತೆರಡು ಅಡಿ. ಆರಡಿಗೇ ಕಿವಿಯೊಳಗೆ ಕಾದ ಸೂಜಿ ಆಡಿಸಿದಂತಾಯಿತು. ಎರಡು ಸಲ ಮೇಲೆ ಬಂದು, ಎರಡು ಸಲವೂ ದಡದಲ್ಲಿ ಉಪನಿರ್ದೇಶಕರು ಗಡಿಯಾರ ನೋಡುತ್ತಿರುವುದನ್ನು ಕಂಡು ಮತ್ತೆ ಇಳಿದರು. ಕೆಸರಿನಲ್ಲಿ ಕೈಯಾಡಿಸುವಾಗ ಮೊದಲು ಸಿಕ್ಕಿದ್ದು ಬಳೆ, ಆಮೇಲೆ ಇನ್ನೊಂದು ಬಳೆ, ಆಮೇಲೆ ಹಿತ್ತಾಳೆಯ ಹಿಡಿ. ಅದನ್ನು ಮುಷ್ಟಿಯಲ್ಲಿ ಹಿಡಿದು ಮೇಲೇಳುವಾಗ ಎಡಗಿವಿಯಲ್ಲಿ ಟಪ್ ಎಂದಿತು, ತಣ್ಣನೆಯ ನೀರು ತಲೆಯೊಳಗೇ ನುಗ್ಗಿತು, ಕೆರೆ ಗಿರಗಿರನೆ ತಿರುಗಿತು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಹೋಯಿತು. ಕೋನಪ್ಪ ಅವರು ಯಾರ ಆದೇಶಕ್ಕೂ ಕಾಯದೆ ಸದರಿಯವರ ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿ ಎಳೆದರು. ಮೊದಲು ಮೊಹರನ್ನು, ಅನಂತರ ಸದರಿಯವರನ್ನು ದಡಕ್ಕೆ ತೆಗೆದುಕೊಳ್ಳಲಾಯಿತು. ಕುತ್ತಿಗೆಯವರೆಗೆ ಇಳಿದಿದ್ದ ರಕ್ತವನ್ನು ದಡಕ್ಕೆ ತೇಲಿ ಬಂದಿದ್ದ ಬಾಗಿನದ ಕಣದಿಂದಲೇ ಒರೆಸಲಾಯಿತು.

ಮೊಹರನ್ನು ತಿರುಗಿಸಿ ನೋಡಲಾಗಿ, ಅಕ್ಷರಗಳಿದ್ದ ರಬ್ಬರು ನೀರಿನಲ್ಲಿ ನೆನೆದು ಕಿತ್ತುಹೋಗಿತ್ತು. ಬಂದದ್ದು ಬರಿಯ ಹಿಡಿ. ಅಂದೇ ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಇಪ್ಪತ್ತೈದು ನಿಮಿಷದಲ್ಲಿ ಹೊಸ ಮೊಹರು ಮಾಡಿಸಲಾಯಿತು. ಅದರ ಬೇಡಿಕೆ ಪಟ್ಟಿಯ ಮೇಲೆ ಅದೇ ಹೊಸ ಮೊಹರನ್ನು ಒತ್ತಿ ಕಡತವನ್ನು ಕ್ರಮಬದ್ಧಗೊಳಿಸಲಾಯಿತು. ಹೀಗೂ ಮಾಡಬಹುದೆಂಬುದು ಮೊದಲೇ ಯಾರಿಗೂ ಹೊಳೆದಿರಲಿಲ್ಲ.

ಉಲ್ಲೇಖ (4)ರಲ್ಲಿ ಶ್ರೀಮತಿ ಶಹಜಾದಿ ಹೀಗೆಂದಿದ್ದಾರೆ: "ನೀರಡಿಲಿ ಕಲ್ಲು ಸಂದೀಲಿ ಸೋರೋ ಸದ್ದು ಕೇಳ್ತಿದ್ದ ನನ್ ಮಗ. ಈಗ ನಾನು 'ಬೇಟಾ' ಅಂದ್ರೆ ಯಾವ ಕಡೆಯಿಂದ ಕರೆದೆ ಅಂತ ಮನೆಯೆಲ್ಲ ಹುಡುಕ್ತಾನೆ. ಒಂದು ಮೊಹರಿಗೆ ಒಂದು ಕಿವೀನಾ ಸಾಬ್? ನಾನು ಇದನ್ನ ಯಾರಿಗೆ ಹೇಳ್ಲಿ?" ಇಂಥದ್ದನ್ನು ಯಾರಿಗೆ ಹೇಳಬೇಕೆಂಬ ಬಗ್ಗೆ ಸ್ಪಷ್ಟ ಮಾರ್ಗಸೂಚಿ ಇಲ್ಲದಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಅದು ಈಗಲೂ ಇರುವುದಿಲ್ಲ. ಆದರೆ ಮುಳುಗುವ ಬಗ್ಗೆ ಒಂದು ಸುತ್ತೋಲೆ ಅವಶ್ಯವೆಂದು ಮನಗಂಡು, ಈ ಕೆಳಕಂಡಂತೆ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು:

1. ಹೊರಕಿವಿಯು ನೌಕರರ ಖಾಸಗಿ ಸ್ವತ್ತು. ಮೇಲಧಿಕಾರಿಗಳ ಆದೇಶ ಕೇಳಿಸಿಕೊಳ್ಳುವ ಒಳಕಿವಿಯು ಇಲಾಖೆಯ ಸ್ವತ್ತು. ಆದ್ದರಿಂದ ಹೊರಕಿವಿಯ ಸೋಂಕನ್ನು ನೌಕರರ ಮನೆಯ ವ್ಯವಹಾರವೆಂದು ಪರಿಗಣಿಸತಕ್ಕದ್ದು.

2. ಸೋಂಕು ತಗಲುವ ಕನಿಷ್ಠ ಹದಿನೈದು ದಿನ ಮುಂಚಿತವಾಗಿ ನಿಗದಿತ ನಮೂನೆಯಲ್ಲಿ ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಮುನ್ಸೂಚನೆ ಇಲ್ಲದೆ ಬಂದ ಕೀವನ್ನು ಅನಧಿಕೃತ ಕೀವು ಎಂದು ನಮೂದಿಸಲಾಗುವುದು.

3. ಸೋಂಕಿತ ಕಿವಿಗೆ ನೀರು ತಾಗಕೂಡದೆಂಬ ವೈದ್ಯಕೀಯ ಸಲಹೆಯನ್ನು ಇಲಾಖೆ ಸಂಪೂರ್ಣವಾಗಿ ಗೌರವಿಸುತ್ತದೆ. ಆದಕಾರಣ ಸದರಿ ಕಿವಿಯನ್ನು ನೀರಿನಿಂದ ಮೇಲಿಟ್ಟು, ಉಳಿದ ದೇಹವನ್ನು ಮಾತ್ರ ಕೆರೆಯ ಅಡಿಗೆ ಕೊಂಡೊಯ್ಯತಕ್ಕದ್ದು. ಕೆರೆಯ ಆಳ ನೌಕರರ ಎತ್ತರಕ್ಕಿಂತ ಹೆಚ್ಚಿದ್ದಲ್ಲಿ ತಲೆಯನ್ನು ಸೂಕ್ತವಾಗಿ ವಾಲಿಸಿಕೊಳ್ಳುವುದು.

4. ರೇಷ್ಮೆಗೂಡಿನ ಕಿವಿಬಿರಡೆಗಳನ್ನು ದಾಸ್ತಾನು ವಹಿಯಲ್ಲಿ ಸಹಿ ಮಾಡಿ ಪಡೆದು, ಕೆಲಸ ಮುಗಿದ ನಂತರ ತೊಳೆದು ಒಣಗಿಸಿ ಹಿಂದಿರುಗಿಸತಕ್ಕದ್ದು. ಬಿರಡೆ ಕಿವಿಯಲ್ಲೇ ಸಿಕ್ಕಿಕೊಂಡಲ್ಲಿ, ಅದು ಹೊರಬರುವವರೆಗೆ ಸದರಿ ಕಿವಿಯನ್ನು ಉಗ್ರಾಣದ ಸುಪರ್ದಿಗೆ ಒಪ್ಪಿಸತಕ್ಕದ್ದು. ಕಿವಿಯ ಮಾಲೀಕರು ಕಚೇರಿ ವೇಳೆಯಲ್ಲಿ ಅದರ ಜೊತೆಗಿರಲು ಅಡ್ಡಿಯಿಲ್ಲ.

5. ಕಿವಿಯಿಂದ ಕೆರೆಗೆ ಸೇರುವ ದ್ರವವನ್ನು ಒಳಹರಿವು ಎಂದು ತೋರಿಸಿ ಕೆರೆ ಭರ್ತಿಯ ಶೇಕಡಾವಾರನ್ನು ಹೆಚ್ಚಿಸಕೂಡದು.

6. ಬೆಳ್ಳುಳ್ಳಿ ಎಣ್ಣೆ ಬಿಡುವ ಅಧಿಕಾರವನ್ನು ಜೀಪಿನ ಚಾಲಕರಿಂದ ಹಿಂಪಡೆದು, ಸೇವಾ ಜ್ಯೇಷ್ಠತೆಯ ಮೇರೆಗೆ ಅಧೀಕ್ಷಕರಿಗೆ ವಹಿಸಲಾಗಿದೆ.

7. ನೋವಿನಿಂದ ನೀರೊಳಗೆ ಕೂಗುವವರು ಆಡಳಿತ ಭಾಷೆಯಾದ ಕನ್ನಡದಲ್ಲಿಯೇ ಕೂಗತಕ್ಕದ್ದು. ಗಡಿ ಭಾಗವಾದ್ದರಿಂದ, ಚಿಂತಾಮಣಿ ಮತ್ತು ಗೌರಿಬಿದನೂರು ತಾಲ್ಲೂಕುಗಳಲ್ಲಿ ಕೇಳಿಬರುವ 'ಅಮ್ಮಾ' ಎಂಬ ಕೂಗು ಕನ್ನಡದ್ದೋ ತೆಲುಗಿನದ್ದೋ ಎಂಬುದನ್ನು ತ್ರಿಸದಸ್ಯ ಸಮಿತಿ ತೀರ್ಮಾನಿಸುವುದು. ತೀರ್ಮಾನ ಬರುವವರೆಗೆ ಹಗ್ಗ ಜಗ್ಗಕೂಡದು.

8. ತಲೆಸುತ್ತಿನಿಂದ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದಾದಲ್ಲಿ, ಮೇಲಧಿಕಾರಿಗಳು ನಿಂತಿರುವ ದಿಕ್ಕನ್ನು ಮೇಲೆ ಎಂದು ಭಾವಿಸತಕ್ಕದ್ದು. ಮೇಲಧಿಕಾರಿಗಳು ಆ ವೇಳೆಗೆ ಊಟಕ್ಕೆ ಹೊರಟಿದ್ದಲ್ಲಿ ಅವರು ಬರುವವರೆಗೆ ಇದ್ದಲ್ಲಿಯೇ ಇರತಕ್ಕದ್ದು. ಸಿಲಿಂಡರಿನಲ್ಲಿ ಉಳಿದಿರುವ ಗಾಳಿಯನ್ನು ಮಿತವಾಗಿ ಬಳಸುವುದು.

9. ಬಾಗಿನ ಅರ್ಪಿಸುವ ಅಧಿಕಾರಿಗಳು ಮೊರದೊಳಗೆ ಏನಿದೆ ಎಂದು ನೋಡಿಕೊಳ್ಳಬೇಕೆಂಬ ಸಲಹೆಯೊಂದು ಬಂದಿತ್ತು. ಫೋಟೋದವರ ಕಡೆ ನೋಡುವುದು ಅನಿವಾರ್ಯವಾದ್ದರಿಂದ ಅದನ್ನು ತಿರಸ್ಕರಿಸಲಾಗಿದೆ. ಬದಲಿಗೆ, ಇನ್ನು ಮುಂದೆ ಎಲ್ಲ ಬಾಗಿನ ಕಾರ್ಯಕ್ರಮಗಳಲ್ಲಿ ಮುಳುಗು ತಜ್ಞರು ಮುಂಚಿತವಾಗಿಯೇ ಕೆರೆಯ ಅಡಿಗೆ ತೆರಳಿ, ಮೇಲಿನಿಂದ ಬೀಳುವುದನ್ನು ಹಿಡಿಯಲು ಎರಡೂ ಕೈ ಚಾಚಿಕೊಂಡು ಹಾಜರಿರತಕ್ಕದ್ದು. ಭಾಷಣಗಳು ಮುಗಿಯುವವರೆಗೆ ಮೇಲೆ ಬರಕೂಡದು.

10. ಶ್ರೀ ವಾಸಿಫ್ ಇವರ ಉಲ್ಲೇಖ (1)ರ ಅರ್ಜಿಯನ್ನು ಹೊಸ ಮೊಹರಿನ ಬೆಳಕಿನಲ್ಲಿ ಮರುಪರಿಶೀಲಿಸಲಾಗಿದೆ. ಅರ್ಜಿಯಲ್ಲಿ ನಮೂದಿಸಿರುವುದು ಹೊರಕಿವಿಯ ಸೋಂಕು. ವೈದ್ಯರ ಹನಿಗಳಿಂದ ಅದು ಪೂರ್ತಿ ವಾಸಿಯಾಗಿರುವುದು ಸಂತೋಷದ ಸಂಗತಿ. ಈಗ ಹರಿದಿರುವುದು ಅದರ ಒಳಗಿನ ತಮಟೆ. ಅದು ಅರ್ಜಿಯಲ್ಲಿ ಇರುವುದಿಲ್ಲ. ಆದುದರಿಂದ ರಜೆಯನ್ನು ತಿರಸ್ಕರಿಸಿ, ಮನೆಯಲ್ಲಿದ್ದ ದಿನಗಳನ್ನು ಗೈರುಹಾಜರಿ ಎಂದು ನಮೂದಿಸಲಾಗಿದೆ.

11. ತೂಬಿನ ಸೋರಿಕೆಯನ್ನು ಸದ್ದಿನಿಂದ ಗುರುತಿಸುವುದು ಮುಳುಗು ತಜ್ಞರ ಹುದ್ದೆಗೆ ಅತ್ಯಗತ್ಯವೆಂದು ಇಲಾಖೆ ಇದೇ ಮೊದಲ ಬಾರಿಗೆ ಲಿಖಿತವಾಗಿ ಒಪ್ಪಿಕೊಳ್ಳುತ್ತದೆ. ಅಂತೆಯೇ, ಎರಡೂ ಕಿವಿ ಕೇಳುವ ಬೇರೊಬ್ಬರನ್ನು ಡಿಸೆಂಬರ್ ಒಂದರಿಂದ ಕಳುಹಿಸಿಕೊಡುವಂತೆ ಗುತ್ತಿಗೆ ಸಂಸ್ಥೆಯನ್ನು ಕೋರಲಾಗಿದೆ. ಈ ತೀರ್ಮಾನಕ್ಕೆ ಶ್ರೀ ವಾಸಿಫ್ ಇವರ ಆಕ್ಷೇಪಣೆ ಏನಾದರೂ ಇದ್ದಲ್ಲಿ, ಸುತ್ತೋಲೆಯನ್ನು ಓದಿ ಹೇಳಿದ ಸ್ಥಳದಲ್ಲಿಯೇ, ಓದಿ ಮುಗಿಸಿದ ಕೂಡಲೇ ಸಲ್ಲಿಸತಕ್ಕದ್ದು.

ಮೇಲಿನ ಸೂಚನೆಗಳನ್ನು ಮೀರಿ ಯಾರದಾದರೂ ಕಿವಿ ನೋಯುವುದು ಕಂಡುಬಂದಲ್ಲಿ ಗಂಭೀರವಾಗಿ ಪರಿಗಣಿಸಲಾಗುವುದೆಂದು ಈ ಮೂಲಕ ಎಚ್ಚರಿಸಲಾಗಿದೆ.

(ಸಹಿ)/-
ಮುನಿವೆಂಕಟಪ್ಪ
ಉಪನಿರ್ದೇಶಕರು
(ಹೊಸ ಮೊಹರು)

ಪ್ರತಿಗಳು:
1. ನಾಲ್ಕೂ ತಾಲ್ಲೂಕುಗಳ ಉಪ ಕಚೇರಿಗಳಿಗೆ, ಸೂಚನಾ ಫಲಕದಲ್ಲಿ ಹಳೆಯ ಸುತ್ತೋಲೆಯ ಮೇಲೆ ಅಂಟಿಸಲು.
2. ಡಾ. ಅಮೃತ ಇವರಿಗೆ, ಮುಂದೆ ಚೀಟಿ ಬರೆಯುವಾಗ ಇಲಾಖೆಯ ತುರ್ತುಗಳನ್ನು ಗಮನದಲ್ಲಿಟ್ಟುಕೊಳ್ಳುವಂತೆ ಕೋರಿ.
3. ಅಧೀಕ್ಷಕಿ ಶ್ರೀಮತಿ ಶ್ಯಾಮಲಮ್ಮ ಇವರಿಗೆ, ಬೆಳ್ಳುಳ್ಳಿ ಎಣ್ಣೆಯ ಪ್ರಭಾರ ವಹಿಸಿಕೊಳ್ಳಲು.
4. ಚಾಲಕ ಶ್ರೀ ಕೋನಪ್ಪ ಇವರಿಗೆ, ಆದೇಶವಿಲ್ಲದೆ ಹಗ್ಗ ಎಳೆದ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡಲು.
5. ಗುತ್ತಿಗೆ ಸಂಸ್ಥೆಗೆ, ಸೂಚನೆ 11ರ ಮೇರೆಗೆ ತ್ವರಿತ ಕ್ರಮಕ್ಕಾಗಿ.
6. ಶ್ರೀಮತಿ ಶಹಜಾದಿ ಇವರಿಗೆ, ಕಚೇರಿಯ ಮೆಟ್ಟಿಲು ಸಾರ್ವಜನಿಕರ ಓಡಾಟಕ್ಕೆಂದು ಇರುವುದನ್ನು ತಿಳಿಸುತ್ತಾ.
7. ಶ್ರೀ ವಾಸಿಫ್ ಇವರಿಗೆ. ಇಂದು ಮಧ್ಯಾಹ್ನ ಕಚೇರಿಗೆ ಕರೆಸಿ, ಎಡಗಡೆ ನಿಂತು, ಮೆಲುದನಿಯಲ್ಲಿ ಆದ್ಯಂತ ಓದಿ ಹೇಳಲಾಗಿದೆ. ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಕಡತ ಮುಕ್ತಾಯಗೊಳಿಸಿದೆ.